ಕಣ್ಣು ತಗ್ಗಿಸಿದ ನಾಲ್ಕು ತಿಂಗಳು

ನನ್ನ ಕಣ್ಣಿನ ಮೇಲೆ ಒಂದು ಪಂಚಾಯಿತಿ ನಡೆದಿತ್ತು. ಹೊಲದ ಬದುವಿನ ಮೇಲೆ, ಮನೆ ಪಾಲಿನ ಮೇಲೆ ಪಂಚಾಯಿತಿ ನಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಸೊಸೆಯ ಎರಡು ಕಣ್ಣುಗಳ ವಿಷಯವಾಗಿ ಏಳು ಮಂದಿ ಗಂಡಸರು ಜಮಖಾನೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎಲೆ ಅಡಿಕೆ ಜಗಿಯುತ್ತಾ ತೀರ್ಪು ಕೊಟ್ಟದ್ದನ್ನು ಕಂಡವಳು ಬಹುಶಃ ನಾನೊಬ್ಬಳೇ. ಆ ಏಳು ಮಂದಿಯಲ್ಲಿ ಒಬ್ಬನಾದರೂ ನನ್ನ ಕಣ್ಣನ್ನು ಸರಿಯಾಗಿ ನೋಡಿದ್ದರೆ ಇವತ್ತು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನನ್ನ ತವರು ಹರಿಹರ. ಮದುವೆಯಾಗಿ ಬಂದದ್ದು ದಾವಣಗೆರೆಗೆ. ರೈಲು ಹತ್ತಿ ಒಂದು ಪೊಟ್ಟಣ ಕಡಲೆಕಾಯಿ ತಿನ್ನುವಷ್ಟರಲ್ಲಿ ಇಳಿಯುವ ಊರು ಬರುತ್ತಿತ್ತು. ಗಂಡನ ಮನೆಯವರಿಗೆ ಮಂಡಕ್ಕಿ ಭಟ್ಟಿ ಇತ್ತು. ಭತ್ತದ ಹೊಟ್ಟು ಉರಿಸಿ, ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಅರಳಿಸುವ ಕೆಲಸ. ಭಟ್ಟಿ ಮನೆಯ ಹಿತ್ತಲಲ್ಲೇ. ಬೆಳಕು ಹರಿದರೆ ಹೊಗೆ, ಒಣಹಾಕಿದ ಸೀರೆಯ ಮೇಲೆಲ್ಲ ಕರಿಬೂದಿ. ನಮ್ಮ ಓಣಿಯ ತುಂಬ ಇಂಥವೇ ಭಟ್ಟಿಗಳಿದ್ದುದರಿಂದ ಅಲ್ಲಿ ಎಲ್ಲರ ಕಣ್ಣೂ ಕೆಂಪಗಿರುತ್ತಿದ್ದವು, ಎಲ್ಲರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಅದಕ್ಕೆ ಭಟ್ಟಿ ಕಣ್ಣು ಅಂತ ಹೆಸರೂ ಇತ್ತು. ಹೆಸರಿಟ್ಟ ಮೇಲೆ ಮುಗಿಯಿತು, ಇನ್ನು ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ! ಹಾಗಾಗಿ ನನ್ನ ಕಣ್ಣು ಕೆಂಪಾದಾಗ ಅತ್ತೆ ತಿರುಗಿಯೂ ನೋಡದೆ, "ಭಟ್ಟಿ ಕಣ್ಣು. ಹರಳೆಣ್ಣೆ ಹಚ್ಚು" ಅಂದರು. ಹಚ್ಚಿದೆ.

ಎಪ್ಪತ್ತರ ದಶಕ ಆಗ ಅರ್ಧ ಮುಗಿದಿತ್ತು. ನನಗೆ ಮೂವತ್ತು ದಾಟಿತ್ತು, ಮಗಳಿಗೆ ಎಂಟು ತುಂಬಿತ್ತು. ಸಂಕ್ರಾಂತಿಯ ಚಳಿಯಲ್ಲಿ ಮನೆಮಂದಿಯೆಲ್ಲ ಕಂಬಳಿ ಹೊದ್ದರೆ ನನಗೆ ಮೈಯೆಲ್ಲ ಬೆವರು. ನಾಲ್ಕು ರೊಟ್ಟಿ ತಿಂದು ಎದ್ದರೂ ಅರ್ಧ ಗಂಟೆಗೆ ಮತ್ತೆ ಹಸಿವು, ಆದರೂ ರವಿಕೆ ಸಡಿಲವಾಗುತ್ತಾ ಹೋಯಿತು. ಕೂತಲ್ಲೇ ಎದೆ ಡವಡವ ಅನ್ನುತ್ತಿತ್ತು. ಚಹಾ ತಂದುಕೊಟ್ಟರೆ ಅರ್ಧ ಬಸಿಯಲ್ಲಿ, ಅರ್ಧ ಕಪ್ಪಿನಲ್ಲಿ. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದು ಮೊದಲಿಂದಲೂ ನನ್ನ ಆಸ್ತಿ, ಸುಳ್ಳೇಕೆ ಹೇಳಲಿ. ಆದರೆ ಆಗ ಬರುತ್ತಿದ್ದ ಸಿಟ್ಟು ನನಗೇ ಹೆದರಿಕೆ ಹುಟ್ಟಿಸುವಂಥದ್ದು.

ಅಷ್ಟರಲ್ಲಿ ಕಣ್ಣುಗಳು ದೊಡ್ಡವಾಗತೊಡಗಿದವು. ಮೇಲಿನ ರೆಪ್ಪೆ ಹಿಂದಕ್ಕೆ ಸರಿದು, ಕಪ್ಪು ಗುಡ್ಡೆಯ ಮೇಲೆ ಬಿಳಿಯ ಅಂಚು ಕಾಣಿಸುತ್ತಿತ್ತು. ಪಕ್ಕದ ಮನೆಯಾಕೆ ಒಂದು ದಿನ ನಲ್ಲಿಯ ಹತ್ತಿರ, "ಏನವ್ವಾ, ಸಿನಿಮಾದೋರ ಕಣ್ಣು ಬಂದಾವಲ್ಲ ನಿಂಗೆ!" ಅಂದಳು. ನಾನೋ, ಮೂರ್ಖಳು, ಆವತ್ತು ಕನ್ನಡಿಯ ಮುಂದೆ ಎರಡು ಸಲ ಹೋಗಿ ನಿಂತೆ. ಕಾಡಿಗೆಯನ್ನು ಇನ್ನಷ್ಟು ದಪ್ಪ ಬಳಿದುಕೊಂಡೆ. ರೋಗ ಬಾಗಿಲಿಗೆ ಬಂದು ನಿಂತರೆ ಅದಕ್ಕೆ ಅಲಂಕಾರ ಮಾಡಿ ಒಳಗೆ ಕರೆದುಕೊಂಡ ಹೆಂಗಸು ನಾನು. ಬೇರೆಯವರನ್ನು ಬೈಯುವ ಮೊದಲು ಇದನ್ನೂ ಹೇಳಿಬಿಡಬೇಕು.

ಯುಗಾದಿಯ ಊಟದ ದಿನ ಎಲ್ಲ ಕೆಟ್ಟಿತು. ಮನೆಗೆ ಹಿರಿಯರೆಂದರೆ ನನ್ನ ಮಾವನ ಅಣ್ಣ. ಅವರನ್ನು ದೊಡ್ಡಮಾವ ಅನ್ನುತ್ತಿದ್ದೆವು. ಅವರು ಕೆಮ್ಮಿದರೆ ಮನೆಯ ಹೆಂಗಸರು ಅಡಿಗೆಮನೆ ಸೇರಬೇಕು, ಅಂಥ ದೊಡ್ಡ ಮನುಷ್ಯರು. ಹೋಳಿಗೆಗೆ ತುಪ್ಪ ಬಡಿಸಲು ಬಗ್ಗಿದೆ. ಕೈ ನಡುಗಿ ತುಪ್ಪ ಅವರ ಹೊಸ ಧೋತರದ ಮೇಲೆ ಚೆಲ್ಲಿತು. ಗಾಬರಿಯಿಂದ ಅವರ ಮುಖ ನೋಡಿದೆ.

ಅವರು ಎಲೆಯಿಂದ ಕೈ ತೆಗೆದರು. "ಏನವ್ವಾ, ತುಪ್ಪ ಚೆಲ್ಲಿದ್ದು ನೀನು, ನನ್ನೇ ನುಂಗೋ ಹಂಗೆ ನೋಡ್ತೀಯಲ್ಲ? ನಾನು ಉಣ್ಣೋದು ಬ್ಯಾಡೇನು?"

"ನಾನೇನು ನೋಡಿದೆ ದೊಡ್ಡಮಾವ? ನನ್ನ ಕಣ್ಣಿರೋದೇ ಹಂಗೈತೆ" ಅಂದುಬಿಟ್ಟೆ.

ನೋಡಿದ್ದು ಒಂದು ತಪ್ಪು, ಉತ್ತರ ಕೊಟ್ಟದ್ದು ಎರಡನೆಯದು. ಅವರು ಅರ್ಧ ಊಟಕ್ಕೇ ಎದ್ದರು. ಹಬ್ಬದ ದಿನ ಹಿರಿಯರು ಎಲೆ ಬಿಟ್ಟು ಎದ್ದದ್ದು ಮೂರನೆಯ ತಪ್ಪಾಗಿ ನನ್ನ ತಲೆಗೇ ಬಂತು. ಅತ್ತೆ ಎಲ್ಲವನ್ನೂ ಸೇರಿಸಿ ಲೆಕ್ಕ ಒಪ್ಪಿಸಿದರು. ನನ್ನ ದುರುಗುಟ್ಟುವ ನೋಟ ಸಂಕ್ರಾಂತಿಯಿಂದಲೂ ನಡೆದಿತ್ತಂತೆ, ಅವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದರಂತೆ.

ಮುಂದಿನ ವಾರ ಪಡಸಾಲೆಯಲ್ಲಿ ಪಂಚಾಯಿತಿ ಸೇರಿತು. ಹರಿಹರದಿಂದ ನನ್ನ ಅಪ್ಪನನ್ನೂ ಕರೆಸಿದ್ದರು. ನಾನು ಅಡಿಗೆಮನೆಯ ಬಾಗಿಲ ಹತ್ತಿರ ನಿಂತಿದ್ದೆ. ಒಬ್ಬರು ನನ್ನ ಜಾತಕದ ಮಾತು ತೆಗೆದರು. ಇನ್ನೊಬ್ಬರು ಹರಿಹರದ ಹೆಣ್ಣುಮಕ್ಕಳಿಗೆ ಹೊಳೆ ನೀರಿನ ಸೊಕ್ಕು ಅಂದರು. ಆತನ ತಾಯಿಯೂ ಹರಿಹರದಾಕೆಯೇ, ಅದನ್ನು ಆತನಿಗೆ ಯಾರೂ ನೆನಪಿಸಲಿಲ್ಲ. ನನ್ನ ಗಂಡ ಮೂಲೆಯಲ್ಲಿ ಸಿಗರೇಟು ಸೇದುತ್ತಾ ಸೂರು ನೋಡುತ್ತಿದ್ದ. ಕೊನೆಗೆ ದೊಡ್ಡಮಾವ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಹಿರೇರ ಮುಂದೆ ಕಣ್ಣು ಎತ್ತಂಗಿಲ್ಲ. ಮಾತಾಡಿದ್ರೆ ನೆಲ ನೋಡ್ಕೊಂಡು ಮಾತಾಡ್ಬೇಕು. ಇಷ್ಟೇ."

ನನ್ನ ಅಪ್ಪ ಕೈ ಮುಗಿದರು. "ನಮ್ಮ ಹುಡುಗಿಗೆ ತಿಳುವಳಿಕೆ ಕಮ್ಮಿ. ಹೊಟ್ಟಿಗೆ ಹಾಕ್ಕೊಳ್ರಿ" ಅಂದರು. ಪ್ರತಿ ಪರೀಕ್ಷೆಯಲ್ಲಿ ಮೊದಲು ಬಂದ ಮಗಳಿಗೆ ತಿಳುವಳಿಕೆ ಕಮ್ಮಿ! ಅಪ್ಪ ಈಗಿಲ್ಲ. ಅವರ ಮೇಲೆ ನನಗೆ ಪ್ರೀತಿಯಿದೆ. ಆದರೆ ಆ ಮಾತನ್ನು ಮಾತ್ರ ನಾನು ಹೊಟ್ಟೆಗೆ ಹಾಕಿಕೊಂಡಿಲ್ಲ.

ಯಾರೊಬ್ಬರೂ ಕೇಳದ ಪ್ರಶ್ನೆ ಒಂದಿತ್ತು: ಕಣ್ಣು ನೋಯುತ್ತದೇನಮ್ಮಾ? ಏಳು ಮಂದಿ, ಎರಡು ತಾಸು, ಮೂರು ಸಲ ಚಹಾ. ಅದನ್ನು ಕೇಳಲು ಒಬ್ಬರಿಗೂ ತೋಚಲಿಲ್ಲ.

ಅಂದಿನಿಂದ ನೆಲ ನೋಡಿದೆ. ಮೊದಲು ಹಟಕ್ಕೆ ನೋಡಿದೆ, ಆಮೇಲೆ ರೂಢಿಯಾಯಿತು. ಸ್ವಲ್ಪ ದಿನಕ್ಕೆ ಬೇರೆಯದೇ ಒಂದು ಶುರುವಾಯಿತು. ಮೇಲೆ ನೋಡಲು ಹೋದರೆ ಕಣ್ಣುಗುಡ್ಡೆಯ ಹಿಂದೆ ಹಿಡಿದು ಎಳೆದಂಥ ನೋವು. ನಾಗಂದಿಗೆಯ ಮೇಲಿನ ಡಬ್ಬಿ ಎರಡಾಗಿ ಕಾಣಿಸುತ್ತಿತ್ತು. ಗಂಡನೂ ಎರಡಾಗಿ ಕಾಣುತ್ತಿದ್ದ. ಒಬ್ಬನನ್ನೇ ಸಹಿಸುವುದು ಕಷ್ಟವಾಗಿದ್ದ ಕಾಲದಲ್ಲಿ ಇಬ್ಬರು! ತಗ್ಗಿಸಿದರೆ ಆರಾಮು, ಹಾಗಾಗಿ ತಗ್ಗಿಸಿಯೇ ಇದ್ದೆ. ಅತ್ತೆ ಬಂದ ನೆಂಟರಿಗೆಲ್ಲ, "ಈಗ ನೋಡ್ರಿ, ಎಷ್ಟು ಚೆಂದ ತಗ್ಗಿ ಬಗ್ಗಿ ನಡೀತಾಳೆ" ಅನ್ನುತ್ತಿದ್ದರು. ರೋಗ ಹೆಚ್ಚಾದದ್ದನ್ನು ಆ ಮನೆಯಲ್ಲಿ ಗುಣ ಬಂತು ಅಂತ ತಿಳಿದರು. ಥೂ, ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಔಷಧವೇ ಆಗಲಿಲ್ಲ ಅಂತಲ್ಲ. ಓಣಿಯ ತುದಿಯಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಆತ ಯಾವ ಡಾಕ್ಟರ ಹತ್ತಿರವೋ ಎರಡು ವರ್ಷ ಬಾಟಲಿ ತೊಳೆದು, ಆಮೇಲೆ ತಾನೇ ಡಾಕ್ಟರಾಗಿದ್ದ. ಕತ್ತು ಎತ್ತಿಸಿ ನೋಡುವ ಗೋಜಿಗೂ ಹೋಗದೆ, "ಹೊಗೆ, ಹೊಗೆ" ಅಂತ ಗುಲಾಬಿ ನೀರು ಕೊಟ್ಟ. ಗಂಡನ ತಂಗಿ ಬಾಣಂತನಕ್ಕೆ ಬಂದಿದ್ದಳು. ನಾನು ಕೋಣೆಗೆ ಹೋದರೆ ಕೂಸಿನ ಮುಖದ ಮೇಲೆ ಸೆರಗು ಎಳೆಯುತ್ತಿದ್ದಳು, ನನ್ನ ದೃಷ್ಟಿ ತಾಗೀತೆಂದು. ಆ ಕೂಸಿನ ಬಟ್ಟೆ ಒಗೆಯಲು ಮಾತ್ರ ನನ್ನ ಕೈ ಆಗುತ್ತಿತ್ತು.

ಶ್ರಾವಣದಲ್ಲಿ ಪಂಚಮಿ ಹಬ್ಬಕ್ಕೆ ಹರಿಹರಕ್ಕೆ ಹೋದೆ. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಗಳಿಗೆ ಬಳೆ ಇಡಿಸದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಮನೆಗೆ ಬಳೆ ತರುತ್ತಿದ್ದ ಸಾಹೇಬರು ನಾನು ಹುಟ್ಟುವ ಮೊದಲಿಂದಲೂ ಬರುತ್ತಿದ್ದವರು. ನನ್ನ ಮೊದಲ ಬಳೆ, ಮದುವೆಯ ಬಳೆ, ಸೀಮಂತದ ಬಳೆ, ಎಲ್ಲ ಅವರ ಕೈಯಿಂದಲೇ. ಬಾಯಿ ಬಲು ಒರಟು. ಬೆಲೆ ಇಳಿಸಿ ಅಂದರೆ ಪೆಟ್ಟಿಗೆ ಮುಚ್ಚಿ ಎದ್ದುಬಿಡುವ ಜಾತಿ. ಅವ್ವ ಅವರನ್ನು ಜಗುಲಿಯ ಮೇಲೆ ಕೂರಿಸಿ, ಹಸಿರು ಒಂದು ಡಜನ್, ಕೆಂಪು ಒಂದು ಡಜನ್ ಅಂತ ಹೇಳಿದಳು.

ಕೆಂಪು ಬಳೆ ನೋಡಿ ನಾನು ಜಗಳಕ್ಕೇ ನಿಂತೆ. "ಇದೇನು ಸಾಹೇಬ್ರೆ, ಬಿಸಿಲಿಗೆ ಬಣ್ಣ ಹೋದ ಮಾಲು ತಂದೀರಿ? ಇಟ್ಟಂಗಿ ಇದ್ದಂಗೈತೆ."

"ಅರೆ! ನಲವತ್ತು ವರ್ಷ ಬಳೆ ಮಾರೀನಿ. ನಿನ್ನೆ ಒಡೆದ ಪೆಟ್ಟಿಗೆ ಇದು. ಕಣ್ಣು ಬಿಟ್ಟು ನೋಡು ಬೇಟಿ" ಅಂತ ಅವರೂ ಏರಿದರು.

ಬೆವರಿಗೆ ಮುಖ ಒರೆಸಿಕೊಳ್ಳಲು ಸೆರಗು ಎತ್ತಿದೆ. ಸೆರಗು ಬಲಗಣ್ಣಿಗೆ ಅಡ್ಡ ಬಂದ ಆ ಒಂದು ಗಳಿಗೆ ಬಳೆಗಳು ಕೆಂಪಗೆ ಹೊಳೆದವು. ಸೆರಗು ತೆಗೆದೆ, ಬಣ್ಣ ಕಂದಿತು. ಎಡಗಣ್ಣು ಮುಚ್ಚಿ ಬಲಗಣ್ಣು ಒಂದರಿಂದಲೇ ನೋಡಿದೆ. ಪೂರ್ತಿ ಇಟ್ಟಿಗೆ ಪುಡಿಯ ಬಣ್ಣ. ಮತ್ತೊಮ್ಮೆ ಹಾಗೇ ಮಾಡಿ ನೋಡಿದೆ. ಬಳೆ ಸರಿಯಾಗಿತ್ತು. ನನ್ನ ಬಲಗಣ್ಣಿನಿಂದ ಕೆಂಪು ಬಣ್ಣವೇ ಹೊರಟುಹೋಗಿತ್ತು.

ಸಾಹೇಬರು ಅದಕ್ಕೆ ಗಮನ ಕೊಡದೆ ನನ್ನ ಕೈ ಎಳೆದುಕೊಂಡು ಬಳೆ ಏರಿಸತೊಡಗಿದರು. ಎರಡು ಬಳೆ ಏರಿಸಿದವರು ತಟ್ಟನೆ ನಿಂತರು. ಬಳೆಗಳು ತಮ್ಮಷ್ಟಕ್ಕೆ ಕಿಣಿಕಿಣಿ ಅನ್ನುತ್ತಿದ್ದವು. ನನ್ನ ಅಂಗೈಯನ್ನು ಅವರು ಹೊರಳಿಸಿ ಮುಟ್ಟಿ ನೋಡಿದರು.

"ನಿಂದು ಎರಡು ಎಂಟರ ಕೈ. ಮದುವೆಯಿಂದ ಅದೇ ಅಳತೆ. ಈಗ ಎರಡು ನಾಲ್ಕು ಸಲೀಸಾಗಿ ಹೋಗ್ತೈತೆ. ಶ್ರಾವಣದಾಗೆ ಕೈ ಹಿಂಗೆ ಕಾದೈತೆ, ಒದ್ದೆ ಐತೆ, ನಡುಗ್ತೈತೆ." ಆಮೇಲೆ ಅವ್ವನ ಕಡೆ ತಿರುಗಿ, "ಇದರ ಮುಖ ಎತ್ತಿಸಮ್ಮಾ" ಅಂದರು.

ಅವ್ವ ನನ್ನ ಗದ್ದ ಹಿಡಿದು ಎತ್ತಿದಳು. ನಾಲ್ಕು ತಿಂಗಳಲ್ಲಿ ಒಬ್ಬರು ನನ್ನ ಮುಖವನ್ನು ನೇರ ನೋಡಿದ್ದು ಅದೇ ಮೊದಲು.

"ಇಂಥ ಕೈ ಇನ್ನೊಂದು ಹಿಡಿದೀನಿ ನಾನು" ಅಂದರು ಸಾಹೇಬರು. "ಹೊಳೆ ಕಡೆ ಓಣಿಯಾಕಿ. ಹಿಂಗೇ ಅಳತೆ ಇಳೀತು, ಹಿಂಗೇ ಕಣ್ಣು ಹೊರಗೆ ಬಂತು. ಕಣ್ಣಿಗೆ ಔಷಧ ಹಾಕಿ ಹಾಕಿ ಸುಸ್ತಾದ್ರು. ಕಡೀಗೆ ದೊಡ್ಡ ಆಸ್ಪತ್ರೆಯಾಗೆ ಗಂಟಲು ನೋಡಿ ಮಾತ್ರೆ ಕೊಟ್ರು, ಅಳತೆ ವಾಪಸ್ ಬಂತು. ರೋಗ ಗಂಟಲಾಗೆ ಐತೆ, ಕಣ್ಣು ಬರೀ ಹೇಳ್ತೈತೆ. ಇವತ್ತೇ ಹೋಗ್ರಿ. ಬಳೆ ಆಮೇಲೆ ಇಡ್ತೀನಿ." ಪೆಟ್ಟಿಗೆ ಮುಚ್ಚಿ ಎದ್ದರು.

ಒಂದು ಮನೆತನದ ಏಳು ಹಿರಿಯರಿಗೆ ಕಾಣದ್ದು ಬಳೆ ಮಾರುವವರ ಕೈಗೆ ಸಿಕ್ಕಿತು. ಪಂಚಾಯಿತಿಗೆ ಅವರನ್ನು ಯಾರೂ ಕರೆದಿರಲಿಲ್ಲ.

ಮಾರನೆಯ ದಿನವೇ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಅವ್ವ ಹಟ ಹಿಡಿದು ಜೊತೆಗೆ ಬಂದಳು, ಗಂಡ ಬೇರೆ ದಾರಿಯಿಲ್ಲದೆ ಬಂದ. ಡಾಕ್ಟರು ಮೊದಲು ಕಣ್ಣು ಮುಟ್ಟಲೇ ಇಲ್ಲ. ನಾಡಿ ನೋಡಿದರು. ಕೈ ಮುಂದೆ ಚಾಚಿಸಿ ಬೆರಳುಗಳ ಮೇಲೆ ಒಂದು ಕಾಗದ ಇಟ್ಟರು, ಅದು ಪಟಪಟ ಅಲುಗಿತು. ನೀರು ಕುಡಿಸಿ ಗಂಟಲು ನೋಡಿದರು. ನುಂಗುವಾಗ ಕತ್ತಿನ ಮುಂದೆ ಒಂದು ಊತ ಮೇಲೆದ್ದು ಇಳಿಯುತ್ತಿತ್ತಂತೆ. ತಮ್ಮ ಬೆರಳನ್ನು ನನ್ನ ಕಣ್ಣ ಮುಂದೆ ಮೇಲಿನಿಂದ ಕೆಳಗೆ ತಂದರು. ಗುಡ್ಡೆ ಇಳಿದರೂ ರೆಪ್ಪೆ ಹಿಂದೆಯೇ ಉಳಿಯುತ್ತದೆ ಅಂದರು. ಕೊನೆಗೆ ಕೆಂಪು ಮುಚ್ಚಳದ ಒಂದು ಬಾಟಲಿ ಹಿಡಿದು, ಒಂದೊಂದೇ ಕಣ್ಣಲ್ಲಿ ನೋಡಿ ಬಣ್ಣ ಹೇಳಿ ಅಂದರು.

"ಎಡಗಣ್ಣಿಗೆ ಕೆಂಪು. ಬಲಗಣ್ಣಿಗೆ ಇಟ್ಟಂಗಿ."

ಅವರು ಬಾಟಲಿ ಕೆಳಗಿಟ್ಟರು. ಗಂಟಲಿನ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ, ಅದರ ಜೊತೆಗೇ ಬರುವ ಕಣ್ಣಿನ ಕಾಯಿಲೆ ಇದು ಅಂದರು. ಕಣ್ಣಿನ ಹಿಂದಿನ ಸ್ನಾಯುಗಳು ಊದಿಕೊಂಡು ಗುಡ್ಡೆಯನ್ನು ಮುಂದಕ್ಕೆ ತಳ್ಳಿವೆ, ಬಲಗಡೆ ದೃಷ್ಟಿಯ ನರವನ್ನೇ ಒತ್ತುತ್ತಿವೆ. ಇನ್ನು ತಡ ಮಾಡಿದರೆ ಆ ಕಣ್ಣು ಹೋಗುತ್ತದೆ. ಇವತ್ತೇ ಸೇರಿಸಿ.

ಆಮೇಲೆ ಗಂಡನ ಕಡೆ ತಿರುಗಿ, "ಕಣ್ಣು ಹಿಂಗಾಗಿ ಎಷ್ಟು ದಿನ ಆಯ್ತು?" ಅಂತ ಕೇಳಿದರು.

ಗಂಡ ತಲೆ ಕೆರೆದುಕೊಂಡ. "ಗೊತ್ತಿಲ್ಲ ಸಾರ್. ಸರಿಯಾಗಿ ನೋಡಿಲ್ಲ."

"ಹೆಂಡ್ತಿ ಮುಖ ನೋಡಿಲ್ವೇನ್ರೀ? ಹೋಗ್ಲಿ, ಮನೆಯಾಗಿರೋ ಹಳೇ ಫೋಟೋ ಎಲ್ಲ ತಗೊಂಡ್ಬನ್ನಿ. ಮೊದಲು ಹೆಂಗಿದ್ವು ಅಂತ ನೋಡ್ಬೇಕು."

ಗಂಡ ಓಡಿಹೋಗಿ ಫೋಟೋಗಳನ್ನು ತಂದ. ಮದುವೆಯದು: ನಾನು ತಲೆ ತಗ್ಗಿಸಿ ಕಾಲುಂಗುರ ನೋಡುತ್ತಿದ್ದೇನೆ. ಸೀಮಂತದ್ದು: ತಲೆ ತಗ್ಗಿಸಿ ಮಡಿಲು ನೋಡುತ್ತಿದ್ದೇನೆ. ಮನೆಮಂದಿಯೆಲ್ಲ ಸಾಲಾಗಿ ನಿಂತದ್ದು: ದೊಡ್ಡಮಾವನ ಹಿಂದೆ, ಸೆರಗಿನ ಕೆಳಗೆ ನನ್ನ ಮೂಗಿನ ತುದಿ ಮಾತ್ರ. ಸ್ಟುಡಿಯೋದವನಿಂದ ಹಿಡಿದು ಅತ್ತೆಯವರೆಗೆ ಎಲ್ಲರೂ ಪ್ರತಿ ಸಲವೂ ಹೇಳಿದ್ದು ಒಂದೇ ಮಾತು, ತಲೆ ತಗ್ಗಿಸವ್ವಾ.

ಡಾಕ್ಟರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟರು. "ಇದ್ಯಾವುದರಾಗೂ ಈಯಮ್ಮನ ಕಣ್ಣೇ ಇಲ್ವಲ್ರೀ" ಅಂದರು.

ಗಂಡ ಆಗ ನೆಲ ನೋಡಿದ. ನೋಡಲಿ ಅಂದುಕೊಂಡೆ. ನನಗೆ ಅಯ್ಯೋ ಅನಿಸಲಿಲ್ಲ.

ಆಸ್ಪತ್ರೆಯಲ್ಲಿ ಊತ ಇಳಿಯಲು ಹಿಡಿಗಟ್ಟಲೆ ಮಾತ್ರೆ ಕೊಟ್ಟರು, ಅದರಿಂದ ಮುಖ ಊದಿ ಬೂರುಗದ ದಿಂಬಿನ ಹಾಗಾಯಿತು. ಗಂಟಲಿನ ಗ್ರಂಥಿಗೆ ಬೇರೆ ಮಾತ್ರೆ. ದಿನವಿಡೀ ಕಣ್ಣಿಗೆ ಹನಿ. ಮಲಗುವಾಗ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ, ಅದಕ್ಕೆ ಮುಲಾಮು ಹಾಕಿ ಮೆತ್ತಗಿನ ಪಟ್ಟಿ ಅಂಟಿಸುತ್ತಿದ್ದರು. ಬೆಳಗ್ಗೆ ಕಣ್ಣು ಊದದಿರಲಿ ಅಂತ ಮಂಚದ ತಲೆಗಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ. ಹೊಗೆಯ ಹತ್ತಿರ ಸುಳಿಯಬೇಡಿ ಅಂದರು. ತಂಬಾಕಿನ ಹೊಗೆ ಈ ಕಣ್ಣಿನ ಕಾಯಿಲೆಗೆ ದೊಡ್ಡ ವೈರಿ ಅಂತ ಈಗ ಎಲ್ಲ ಡಾಕ್ಟರೂ ಹೇಳುತ್ತಾರೆ. ಆಗ ನನಗೆ ಅಷ್ಟು ಗೊತ್ತಿರಲಿಲ್ಲ. ಆದರೂ ಮನೆಗೆ ಬಂದ ದಿನ ಗಂಡನ ಸಿಗರೇಟು ಪೊಟ್ಟಣ ತೆಗೆದು ಬೀದಿಗೆ ಎಸೆದು, "ಸೇದೋದಾದ್ರೆ ಅಲ್ಲಿ ನಿಂತು ಸೇದ್ರಿ" ಅಂದೆ. ಕಣ್ಣು ಎತ್ತಿಯೇ ಅಂದೆ.

ದೊಡ್ಡಮಾವ ಆಸ್ಪತ್ರೆಗೆ ಒಂದು ಸಲ ಬಂದಿದ್ದರು, ಎರಡು ಮೂಸಂಬಿ ಹಿಡಿದುಕೊಂಡು. "ಹಿಂಗೈತೆ ಅಂತ ನೀನು ಬಾಯಿ ಬಿಟ್ಟು ಹೇಳ್ಬೇಕಿತ್ತಲ್ಲವ್ವಾ" ಅಂದರು.

"ಹೇಳಿದ್ದೆ ದೊಡ್ಡಮಾವ. ನೀವು ಎಲೆ ಬಿಟ್ಟು ಎದ್ರಿ."

ಮೂಸಂಬಿ ಕಿಟಕಿಯ ಮೇಲಿಟ್ಟು ಹೋದರು. ನಾನು ಮುಟ್ಟಲಿಲ್ಲ, ಆಯಾ ತಿಂದಳು.

ಕಣ್ಣು ಉಳಿಯಿತು. ಪೂರ್ತಿ ಅಲ್ಲ. ಒಂದೂವರೆ ವರ್ಷ ಮಾತ್ರೆ ನುಂಗಿದ ಮೇಲೆ ಗಂಟಲು ಹದಕ್ಕೆ ಬಂತು, ಕೈ ನಡುಗುವುದು ನಿಂತಿತು, ಗುಡ್ಡೆಗಳು ಅರ್ಧದಷ್ಟು ಒಳಗೆ ಸರಿದವು. ಬಲಗಣ್ಣಿಗೆ ಅಕ್ಷರ ಕಾಣುತ್ತದೆ, ಮುಖ ಕಾಣುತ್ತದೆ, ಕೆಂಪು ಮಾತ್ರ ವಾಪಸ್ ಬರಲಿಲ್ಲ. "ಮೂರು ನಾಲ್ಕು ತಿಂಗಳು ಮೊದಲೇ ಬಂದಿದ್ರೆ ಇಷ್ಟಾಗಲು ಬಿಡ್ತಿರಲಿಲ್ಲಮ್ಮ" ಅಂದರು ಡಾಕ್ಟರು. ಯುಗಾದಿಯಿಂದ ಪಂಚಮಿಗೆ ಸರಿಯಾಗಿ ನಾಲ್ಕು ತಿಂಗಳು. ಆ ತಿಂಗಳುಗಳನ್ನು ನಾನು ನೆಲ ನೋಡುತ್ತಾ ಕಳೆದಿದ್ದೆ.

ಎರಡು ವರ್ಷದ ನಂತರದ ಪಂಚಮಿಗೆ ಬಳೆ ಸಾಹೇಬರು ನನ್ನ ಕೈಗೆ ಎರಡು ಎಂಟರ ಬಳೆ ಏರಿಸಿದರು. ನನಗೆ ಅಳು ಬಂತು. "ಕೈ ಅಲ್ಲಾಡಿಸಬ್ಯಾಡ, ಬಳೆ ಒಡೀತಾವೆ" ಅಂತ ಗದರಿದರು.

ಎಂಬತ್ತರ ದಶಕದ ಕೊನೆಯಲ್ಲಿ ಮಗಳ ಮದುವೆ ಆಯಿತು, ದಾವಣಗೆರೆಯಲ್ಲೇ. ಈ ಕಾಯಿಲೆ ರಕ್ತದಲ್ಲಿ ಹರಿದು ಬರಬಹುದು, ಹೆಣ್ಣುಮಕ್ಕಳ ಮೇಲೆ ಒಂದು ಕಣ್ಣಿಟ್ಟಿರಿ ಅಂತ ಡಾಕ್ಟರು ಹೇಳಿದ್ದು ನನ್ನ ಮನಸ್ಸಿನಲ್ಲಿತ್ತು. ಧಾರೆಗೆ ಮುಂಚೆ ಫೋಟೋದವನು ಮಗಳನ್ನು ಕುರ್ಚಿಯಲ್ಲಿ ಕೂರಿಸಿದ. ದೊಡ್ಡಮಾವ ಆಗ ಬಹಳ ಮುದುಕರು, ಮುಂದಿನ ಸಾಲಿನಲ್ಲೇ ಇದ್ದರು. ಅತ್ತೆಯೂ ಅವರ ಪಕ್ಕದಲ್ಲೇ.

"ಸ್ವಲ್ಪ ತಲೆ ತಗ್ಗಿಸಮ್ಮಾ, ಮದುಮಗಳು ಅನಿಸ್ಬೇಕು" ಅಂದ ಫೋಟೋದವನು.

ಅವಳು ತಗ್ಗಿಸಿದಳು. ನಾನು ತುಂಬಿದ ಮಂಟಪದಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ತಲೆ ಎತ್ತೇ! ಕಣ್ಣು ಪೂರ್ತಿ ಬಿಟ್ಟು ಆ ಡಬ್ಬಿ ನೋಡು!"

ವಾಲಗದವರು ಕೂಡ ಊದುವುದನ್ನು ನಿಲ್ಲಿಸಿದರು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಮಾವ ಏನೋ ಹೇಳಲು ಬಾಯಿ ತೆರೆದು ನನ್ನ ಕಡೆ ತಿರುಗಿದರು. ನಾನು ಅವರನ್ನೇ ನೋಡುತ್ತಿದ್ದೆ. ಅವರು ನೆಲ ನೋಡಿದರು.

ಮಗಳು ಕತ್ತೆತ್ತಿದಳು, ಫೋಟೋ ತೆಗೆದಾಯಿತು. ಕೆಂಪು ಧಾರೆ ಸೀರೆಯಲ್ಲಿ ಹೇಗೆ ಕಾಣುತ್ತಿದ್ದಾಳೆ ಅಂತ ಬಲಗಣ್ಣು ಮುಚ್ಚಿಕೊಂಡು ಒಂದು ಸಲ ನೋಡಿದೆ. ಆ ಫೋಟೋ ನನ್ನ ಹತ್ತಿರವೂ ಒಂದಿದೆ, ಅವಳ ಹತ್ತಿರವೂ ಒಂದಿದೆ. ಯಾವ ಡಾಕ್ಟರು ಕೇಳಿದರೂ ಅದರಲ್ಲಿ ಅವಳ ಕಣ್ಣಿವೆ.